ಇಲ್ಲದ ಮೂರನೇ ಮಹಡಿ

ನಮ್ಮ ಮನೆಗೆ ಮೂರನೇ ಮಹಡಿ ಇಲ್ಲ ಎಂದು ನಾನು ಹದಿನಾಲ್ಕು ವರ್ಷದಿಂದ ಹೇಳಿಕೊಂಡು ಬಂದವಳು. ಒಂದು ಸಲವಾದರೂ ನಾಲಿಗೆ ತಡವರಿಸಿದ್ದಿಲ್ಲ. ಆ ಇಲ್ಲದ ಮಹಡಿಯಲ್ಲಿ ನಾಲ್ಕು ಕೋಣೆ, ಎರಡು ಬಚ್ಚಲು, ಒಂದು ಒಗೆಯುವ ಕಲ್ಲು ಮತ್ತು ಒಂದು ಕರಿಬೇವಿನ ಕುಂಡ ಇವೆ. ಪಾಲಿಕೆಯವರು ಬಂದು ಹೋದರು, ವೋಟಿನ ಪಟ್ಟಿಯವರು ಬಂದು ಹೋದರು, ಸೊಳ್ಳೆ ಔಷಧಿಯವರು ಬಂದು ಹೋದರು. ಯಾರ ಕೈಗೂ ನಾನು ಸಿಕ್ಕಿಬೀಳಲಿಲ್ಲ. ಅಂಥ ನನ್ನನ್ನು ಒಂದು ಇಂಟರ್‌ವ್ಯೂ ಬೀಳಿಸಿತು. ಇಂಟರ್‌ವ್ಯೂ ನನ್ನದೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. (ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳನ್ನು ಯಾರು ಇಂಟರ್‌ವ್ಯೂ ಮಾಡುತ್ತಾರೆ?) ಇಂಟರ್‌ವ್ಯೂ ನನ್ನ ಮೊಮ್ಮಗಳು ಯಮುನಾಳದು.

ಮೊದಲು ಮಹಡಿಯ ವಿಷಯ ಹೇಳಿಬಿಡುತ್ತೇನೆ. ಕುಂದಲಹಳ್ಳಿಯಲ್ಲಿ ನಮ್ಮ ಯಜಮಾನರು ಹನುಮಂತರಾಯಪ್ಪನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮನೆ ಎಬ್ಬಿಸಿದರು. ಪಾಲಿಕೆಯವರು ಪ್ಲಾನಿನಲ್ಲಿ ನೆಲ, ಒಂದು, ಎರಡು ಎಂದು ಬರೆದು ಮೊಹರು ಒತ್ತಿ ಕೊಟ್ಟಿದ್ದರು. ಎರಡನೇ ಮಹಡಿಗೆ ತಾರಸಿ ಬೀಳುವ ಮೊದಲೇ ಯಜಮಾನರು ಕಣ್ಣು ಮುಚ್ಚಿದರು. ಉಳಿದದ್ದನ್ನು ನಾನೇ ನಿಂತು ಮುಗಿಸಿದೆ. ಮುಗಿದಾಗ ನೋಡುತ್ತೇನೆ, ಮರಳು ಮಿಕ್ಕಿದೆ, ಸಿಮೆಂಟು ಮಿಕ್ಕಿದೆ, ಗಾರೆಯವರು ಹೇಗೂ ಅಲ್ಲೇ ಬೀಡಿ ಸೇದಿಕೊಂಡು ಕೂತಿದ್ದಾರೆ. ಮಿಕ್ಕ ಹಿಟ್ಟಿನಲ್ಲಿ ಕೊನೆಗೊಂದು ದೋಸೆ ಹುಯ್ಯುವುದಿಲ್ಲವೇ? ಹಾಗೆ ಮೇಲೊಂದು ಮಹಡಿ ಹುಯ್ದೆ.

ಅದು ಬೀದಿಗೆ ಕಾಣುವುದೂ ಇಲ್ಲ. ನಮ್ಮ ಓಣಿ ಎಷ್ಟು ಕಿರಿದೆಂದರೆ, ಎದುರು ಮನೆಯ ಮಾರಕ್ಕ ಒಗ್ಗರಣೆ ಹಾಕಿದರೆ ನನಗೆ ಸೀನು ಬರುತ್ತದೆ. ಕೆಳಗೆ ನಿಂತು ಕತ್ತು ಎಷ್ಟೇ ಎತ್ತಿದರೂ ಎರಡನೇ ಮಹಡಿಯ ಬಾಲ್ಕನಿಗಿಂತ ಮೇಲಕ್ಕೆ ನೋಟ ಹೋಗುವುದಿಲ್ಲ. ಮೆಟ್ಟಿಲು ಹತ್ತಿ ಬರುವವರಿಗೂ ಉಪಾಯ ಮಾಡಿದ್ದೆ. ಎರಡನೇ ಮಹಡಿಯ ಮೆಟ್ಟಿಲಿನ ಕೊನೆಯಲ್ಲಿರುವ ಬಾಗಿಲಿಗೆ ಅಮ್ಮನವರ ದೊಡ್ಡ ಪಟ ಹೊಡೆಸಿ, ಹಾರ ಹಾಕಿ, ಕೆಳಗೆ ಒಂದು ದೀಪ ಇಟ್ಟಿದ್ದೆ. "ಇದು ದೇವರ ಮನೆ ಸಾರ್, ಸ್ನಾನ ಮಾಡಿದೀರಾ?" ಎಂದು ಕೇಳಿದರೆ ಎಂಥ ಅಧಿಕಾರಿಯಾದರೂ ಅಲ್ಲೇ ಕೈ ಮುಗಿದು ಇಳಿದುಹೋಗುತ್ತಿದ್ದ.

ಇಷ್ಟೇ ಅಲ್ಲ, ಓಣಿಯವರದೂ ಒಂದು ಕಟ್ಟುಪಾಡು ಇತ್ತು. ಯಾರದೂ ಪ್ಲಾನಿನ ಪ್ರಕಾರ ಇಲ್ಲವಲ್ಲ! ಕೊರಳಿಗೆ ಪಟ್ಟಿ ಹಾಕಿಕೊಂಡು, ಫೋನು ಎತ್ತಿ ಹಿಡಿದು, ಮನೆಗಳ ಫೋಟೋ ತೆಗೆಯುತ್ತ ಯಾರಾದರೂ ಬಂದರೆ ಮಾರಕ್ಕ ತನ್ನ ಜಗುಲಿಯ ಮೇಲೆ ನಿಂತು ಕೂಗಬೇಕು: "ಅಶ್ವತ್ಥಕ್ಕೋ, ನಿನ್ನ ಎಮ್ಮೆ ಅಗ್ಗ ಕಿತ್ಕೊಂಡು ಓಯ್ತು!" ನನ್ನ ಬಳಿ ಎಮ್ಮೆ ಇದ್ದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಆದರೆ ಆ ಕೂಗು ಬಿದ್ದ ತಕ್ಷಣ ಇಡೀ ಓಣಿ ಕ್ಷಣಾರ್ಧದಲ್ಲಿ ಸಜ್ಜಾಗಿ ನಿಲ್ಲುತ್ತಿತ್ತು. ಮೇಲಿನ ಬಟ್ಟೆಗಳು ಒಳಕ್ಕೆ, ಬಾಡಿಗೆಯವರು ಒಳಕ್ಕೆ. ಮೂಲೆ ಅಂಗಡಿಯ ಶ್ಯಾಮಣ್ಣನಿಗೆ ಕಿವಿ ಕೇಳಿಸುವುದು ನಿಂತುಹೋಗುತ್ತಿತ್ತು.

ಈಗ ಯಮುನಾಳ ವಿಷಯ. ಮಗ ಶಶಿಕುಮಾರ ಮತ್ತು ಸೊಸೆ ಶಾಮಿಯಾನದ ಅಂಗಡಿ ನಡೆಸುತ್ತಾರೆ, ಬೆಳಿಗ್ಗೆ ಹೋದರೆ ಸಂಜೆಗೆ ಬರುವುದು. ಹುಡುಗಿ ಬೆಳೆದದ್ದು ನನ್ನ ಸೆರಗಿನಲ್ಲೇ. ಓದುವುದಕ್ಕೆ ಸದ್ದು ಇರಬಾರದೆಂದು ಮೂರನೇ ಮಹಡಿಯ ಮೂಲೆ ಕೋಣೆ ಅವಳಿಗೆ ಬಿಟ್ಟುಕೊಟ್ಟಿದ್ದೆ. ಅಲ್ಲೇ ಕೂತು ಎಂ.ಕಾಂ. ಮುಗಿಸಿದಳು. ವೈಟ್‌ಫೀಲ್ಡಿನ ಗಾಜಿನ ಕಟ್ಟಡದಲ್ಲಿ ಒಂದು ದೊಡ್ಡ ಆಡಿಟ್ ಕಂಪನಿ ಇದೆಯಂತೆ. ಪ್ರಪಂಚದ ಕಂಪನಿಗಳೆಲ್ಲ ಬರೆದ ಲೆಕ್ಕ ನಿಜವೋ ಸುಳ್ಳೋ ಎಂದು ನೋಡುವುದೇ ಇವರ ಕಸುಬು. ಅಲ್ಲಿಗೆ ಅರ್ಜಿ ಹಾಕಿದಳು. "ಅಜ್ಜಿ, ಇದೊಂದು ಸಿಕ್ಬಿಟ್ರೆ ಸಾಕು. ಎರಡು ವರ್ಷದಿಂದ ಇದಕ್ಕೇ ಓದ್ತಿದೀನಿ" ಎಂದಳು. ನಾನು ದೇವರಿಗೆ ತುಪ್ಪದ ದೀಪ ಹೇಳಿಕೊಂಡೆ.

ಮೊದಲ ಆಘಾತ ಮೊದಲ ಸುತ್ತಿನಲ್ಲೇ ಆಯಿತು. ಒಂದು ದಿನ ಕಾಫಿ ಕೊಡೋಣವೆಂದು ಮೇಲೆ ಹೋದರೆ, ಹುಡುಗಿ ಮೇಲೆ ಕರಿ ಕೋಟು, ಕೆಳಗೆ ಹೂವಿನ ಪೈಜಾಮ ಹಾಕಿಕೊಂಡು, ಖಾಲಿ ಕೋಣೆಯಲ್ಲಿ ಒಬ್ಬಳೇ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾಳೆ! ತಾನೇ ನಗುತ್ತಾಳೆ, ತಾನೇ ತಲೆದೂಗುತ್ತಾಳೆ, ತಾನೇ ಥ್ಯಾಂಕ್ಯೂ ಅನ್ನುತ್ತಾಳೆ. ಆ ಕಡೆಯಿಂದ ಒಂದು ಸೊಲ್ಲಿಲ್ಲ. ಅಷ್ಟು ಓದಿದರೆ ಇನ್ನೇನಾಗುತ್ತದೆ? ಕೆಳಗೆ ಓಡಿ ಉಪ್ಪು, ಒಣಮೆಣಸಿನಕಾಯಿ, ಹಳೇ ಪೊರಕೆ ಕಡ್ಡಿ ಹಿಡಿದು ಬಂದು, ಹಿಂದಿನಿಂದ ಮೂರು ಸುತ್ತು ಇಳಿ ತೆಗೆದು, "ಥೂ ಥೂ ಥೂ, ಯಾರ ಕಣ್ಣೋ, ಯಾವ ಗಾಳಿಯೋ, ಬಿಟ್ಟು ತೊಲಗು" ಎಂದೆ.

ಯಮುನಾ ನಗುಮುಖವನ್ನು ಹಾಗೇ ಇಟ್ಟುಕೊಂಡು, ತುಟಿ ಅಲ್ಲಾಡಿಸದೆ ಹೇಳಿದಳು. "ಅಜ್ಜಿ, ರೆಕಾರ್ಡ್ ಆಗ್ತಿದೆ."

"ಏನೇ ಆಗ್ತಿದೆ?"

"ಇಂಟರ್‌ವ್ಯೂ ಆಗ್ತಿದೆ. ಆಚೆ ಹೋಗಜ್ಜಿ!"

"ಯಾರೇ ಮಾಡ್ತಿದಾರೆ? ಇಲ್ಲಿ ಯಾರೂ ಇಲ್ವಲ್ಲೇ!"

"ಯಾರೂ ಮಾಡಲ್ಲ. ಕಂಪ್ಯೂಟರ್ರೇ ಪ್ರಶ್ನೆ ತೋರಿಸುತ್ತೆ. ನಾವು ಹೇಳಿದ್ದನ್ನ ಅದೇ ನೋಡಿ ಮಾರ್ಕ್ಸ್ ಹಾಕುತ್ತೆ."

ನಾನು ಮೆಣಸಿನಕಾಯಿ ಹಿಡಿದು ಹಾಗೇ ನಿಂತೆ. ಮನುಷ್ಯರಿಲ್ಲದ ಇಂಟರ್‌ವ್ಯೂ! ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದಾದರೂ ಹೋಗುತ್ತಿದ್ದರು. ಇದು ತಿನ್ನುವುದೂ ಇಲ್ಲ, ತಲೆಯಾಡಿಸುವುದೂ ಇಲ್ಲ. ಎರಡು ದಿನ ಹುಡುಗಿ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ಪಾಸು ಎಂದು ಬಂತು. (ಇಳಿ ತೆಗೆದದ್ದರಿಂದಲೇ ಪಾಸಾಯಿತು ಎನ್ನುವುದನ್ನು ಅವಳು ಇವತ್ತಿಗೂ ಒಪ್ಪುವುದಿಲ್ಲ.)

ಎರಡನೇ ಸುತ್ತಿನಲ್ಲಿ ಎಂಟು ಮಕ್ಕಳನ್ನು ಒಂದೇ ಮೇಜಿನ ಸುತ್ತ ಕೂರಿಸಿ ಒಂದು ವಿಷಯ ಕೊಟ್ಟು ಮಾತಾಡಿ ಎಂದರಂತೆ. ಎಂಟೂ ಒಟ್ಟಿಗೆ ಮಾತಾಡಿದವಂತೆ. ಇದಕ್ಕೆ ಓದು ಯಾಕೆ ಬೇಕು, ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬಂದಾಗ ಬಂದು ನಿಂತರೆ ಸಾಲದೇ? ಮೂರನೇ ಸುತ್ತು ಮಾತ್ರ ದೊಡ್ಡದು. ಕಂಪನಿಯ ಪಾಲುದಾರರಲ್ಲಿ ಒಬ್ಬ ಹೆಂಗಸು, ಬೆಳ್ಳಿ ಕೂದಲಿನವರು, ಮುಕ್ಕಾಲು ಗಂಟೆ ಎದುರಿಗೆ ಕೂರಿಸಿಕೊಂಡರಂತೆ. ಸಂಜೆ ಮುದ್ದೆ ಮುರಿಯುತ್ತ ಹುಡುಗಿ ಹೇಳಿದಳು. "ನಿನ್ನ ದೌರ್ಬಲ್ಯ ಏನು ಅಂತ ಕೇಳಿದ್ರಜ್ಜಿ."

ನಾನು ಮುದ್ದೆ ತಟ್ಟೆಗೆ ಇಳಿಸಿದೆ. "ಅಯ್ಯೋ ಶಿವನೇ! ಬಾಯಿಬಿಟ್ಟು ಕೇಳಿದ್ರಾ? ನೀನೇನಂದೆ?"

"ಒಂದು ಕೆಲಸ ಹಿಡಿದ್ರೆ ಮುಗಿಯೋವರೆಗೂ ಬಿಡಲ್ಲ, ಅದೇ ನನ್ನ ದೌರ್ಬಲ್ಯ ಅಂದೆ."

"ಯಾವತ್ತೇ ಮುಗಿಸಿದೀಯ? ಹಪ್ಪಳ ಒತ್ತೋಕೆ ಕೂತರೆ ನಾಲ್ಕಕ್ಕೆ ಎದ್ದು ಹೋಗ್ತೀಯ."

"ಇಂಟರ್‌ವ್ಯೂಲಿ ಹಂಗೇ ಹೇಳೋದು ಅಜ್ಜಿ. ಎಲ್ಲರೂ ಹಂಗೇ ಹೇಳ್ತಾರೆ. ಅವರಿಗೂ ಗೊತ್ತಿರುತ್ತೆ."

ಸುಳ್ಳು ಹಿಡಿಯುವ ಕಂಪನಿಗೆ ಸೇರುವುದಕ್ಕೆ ಸುಳ್ಳು ಹೇಳಬೇಕು ಎಂದು ತಿಳಿದು ನನಗೆ ಬೆವರು ಬಂತು. "ಇನ್ನೇನು ಕೇಳಿದ್ರು?"

"ನಿಮ್ಮವರೇ ಯಾರಾದರೂ ತಪ್ಪು ಮಾಡ್ತಿರೋದು ನಿನ್ನ ಕಣ್ಣಿಗೆ ಬಿದ್ದಾಗ ನೀನೇನು ಮಾಡ್ದೆ ಅಂತ ಕೇಳಿದ್ರು."

"ಅದಕ್ಕೇನಂದೆ?"

"ಏನೋ ಅಂದೆ ಬಿಡಜ್ಜಿ. ಇನ್ನೊಂದು ಚೂರು ಸಾರು ಹಾಕು." ತಟ್ಟೆಯ ಮೇಲೆ ಬಗ್ಗಿದ ತಲೆ ಎತ್ತಲಿಲ್ಲ. ನಾನೂ ಸಾರು ಹಾಕಿದೆ, ಕೇಳಲಿಲ್ಲ. ಕೇಳಬೇಕಿತ್ತು.

ವಾರಕ್ಕೆ ಕೆಲಸ ಸಿಕ್ಕಿತು ಎಂದು ಕಾಗದ ಬಂತು. ಓಣಿಗೆಲ್ಲ ಕೇಸರಿಬಾತು ಹಂಚಿದೆ. ಹುಡುಗಿ ಹೇಳಿದ್ದಳು, "ಇನ್ನೂ ವೆರಿಫಿಕೇಶನ್ ಇದೆ ಅಜ್ಜಿ. ನಾನು ಕೊಟ್ಟಿರೋ ವಿಳಾಸ, ಓದು, ಎಲ್ಲ ನಿಜಾನಾ ಅಂತ ನೋಡ್ತಾರೆ. ಅದಾದ್ಮೇಲೇ ಸೇರಿಸ್ಕೊಳ್ಳೋದು." ನಾನು ತಲೆಯಾಡಿಸಿದೆ. ಇಂಟರ್‌ವ್ಯೂ ಮಾಡುವುದಕ್ಕೇ ಮನುಷ್ಯರನ್ನು ಕಳಿಸದ ಕಂಪನಿ, ವಿಳಾಸ ನೋಡುವುದಕ್ಕೆ ಕಳಿಸುತ್ತದೆಯೇ? ಅದನ್ನೂ ಯಾವುದೋ ಕಂಪ್ಯೂಟರ್ರೇ ಕೂತಲ್ಲಿಂದ ನೋಡಿಕೊಳ್ಳುತ್ತದೆ ಎಂದುಕೊಂಡೆ.

ಒಂದು ಮಂಗಳವಾರ, ನಾನು ಅವರೆಕಾಳು ಇಸುಕುತ್ತ ಕೂತಿದ್ದೆ. ಯಮುನಾ ಅಂಕಪಟ್ಟಿ ತರಲು ಕಾಲೇಜಿಗೆ ಹೋಗಿದ್ದಳು. ಹೊರಗೆ ಮಾರಕ್ಕನ ಕೂಗು ಬಿತ್ತು: "ಅಶ್ವತ್ಥಕ್ಕೋ, ಎಮ್ಮೆ ಅಗ್ಗ ಕಿತ್ಕೊಂಡು ಓಯ್ತು!"

ಕಿಟಕಿಯಿಂದ ಇಣುಕಿದೆ. ಕೊರಳಿಗೆ ಪಟ್ಟಿ, ಬೆನ್ನಿಗೆ ಚೀಲ, ಕೈಯಲ್ಲಿ ಫೋನು. ನಮ್ಮ ಮನೆ ನಂಬರಿನ ಫೋಟೋ ತೆಗೆಯುತ್ತಿದ್ದಾನೆ. ಕತ್ತೆತ್ತಿ ಮೇಲೆ ನೋಡುತ್ತಿದ್ದಾನೆ. ಶ್ಯಾಮಣ್ಣನ ಅಂಗಡಿಗೆ ಹೋಗಿ ಕೇಳಿದ. "ಅಣ್ಣ, ಯಮುನಾ ಅಂತ, ಮೂರನೇ ಮಹಡಿ, ಈ ಮನೇನಾ?"

ಮೂರನೇ ಮಹಡಿ ಎಂಬ ಮಾತು ಅವನ ಬಾಯಿಂದ ಬಿದ್ದದ್ದೇ ತಡ, ಶ್ಯಾಮಣ್ಣನ ಮುಖ ಬೆಣ್ಣೆಯಾಯಿತು. "ಮೂರನೇ ಮಹಡೀನಾ? ಈ ಓಣೀಲಿ ಯಾರಿಗೂ ಅಂಥ ಯೋಗ ಇಲ್ಲ ಸಾರ್. ಯಮುನಾ ಅನ್ನೋರನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ." (ಅದೇ ಬೆಳಿಗ್ಗೆ ಅವಳಿಗೆ ಶ್ಯಾಂಪೂ ಪೊಟ್ಟಣ ಕೊಟ್ಟಿದ್ದ.)

ಅವನು ನಮ್ಮ ಬಾಗಿಲಿಗೇ ಬಂದ. "ಅಜ್ಜಿ, ಯಮುನಾ ಅವರು ಇಲ್ಲೇ ಇರೋದಾ?"

ಮೇಲಿನ ಕೋಣೆಗಳಲ್ಲಿ ಯಾರ್‍ಯಾರು ಇದ್ದಾರೆ ಎಂದು ಹೆಸರು ಸಮೇತ ಪಾಲಿಕೆಗೆ ಸಿಕ್ಕಿಬಿಟ್ಟಿದೆ ಎಂದುಕೊಂಡೆ. ಆದರೆ ಅನುಭವ ಸುಮ್ಮನೆ ಬರುವುದಿಲ್ಲ. "ಯಾವ ಯಮುನಾನಪ್ಪಾ? ನಾನೊಬ್ಬಳೇ ಮುದುಕಿ. ಹಿಂದಿಲ್ಲ, ಮುಂದಿಲ್ಲ."

"ಮೂರನೇ ಮಹಡಿ...?"

"ಎರಡು ಹತ್ತೋಕೇ ನನಗೆ ಮಂಡಿ ಇಲ್ಲ, ಮೂರನೇದು ಕಟ್ಟಿಸಿ ಏನ್ ಮಾಡ್ಲಿ?"

ಅವನು ನನ್ನ ತಲೆಯ ಹಿಂದಿನ ಗೋಡೆ ನೋಡಿದ. ಅಲ್ಲಿ ಯಮುನಾ ಕೊರಳಿಗೆ ಪದಕ ಹಾಕಿಕೊಂಡು ಹಲ್ಲು ಬಿಡುತ್ತಿರುವ ಆಳೆತ್ತರದ ಫೋಟೋ. "ಇವರು?"

"ಅದಾ? ಫ್ರೇಮಿನ ಜೊತೆ ಅಂಗಡಿಯವನೇ ಕೊಟ್ಟಿದ್ದು."

ಪಾಪ, ಹುಡುಗ ಬೆವರು ಒರೆಸಿಕೊಂಡ. ಮಜ್ಜಿಗೆ ಕೊಟ್ಟೆ, ಕುಡಿದ. ಫೋನನ್ನು ಮುಂದೆ ಹಿಡಿದು, "ನೀವು ಹೇಳಿದ್ದನ್ನ ಬರ್ಕೊಂಡಿದೀನಿ, ಒಂದು ಸಹಿ ಹಾಕಿ ಅಜ್ಜಿ" ಎಂದ. ಗಾಜಿನ ಮೇಲೆ ಬೆರಳಲ್ಲೇ ಅಶ್ವತ್ಥಮ್ಮ ಎಂದು ದುಂಡಗೆ ಬರೆದೆ. ಫೋಟೋ ತೆಗೆದ, ಅದಕ್ಕೂ ಸೆರಗು ಸರಿಮಾಡಿಕೊಂಡು ನಿಂತೆ. ಅವನು ಓಣಿ ದಾಟಿದ ಮೇಲೆ ನಾನು, ಮಾರಕ್ಕ, ಶ್ಯಾಮಣ್ಣ ಮೂವರೂ ಜಗುಲಿಯ ಮೇಲೆ ಕೂತು ಟೀ ಕುಡಿದೆವು. ಹದಿನಾಲ್ಕು ವರ್ಷದಲ್ಲಿ ಇಷ್ಟು ಸಲೀಸಾಗಿ ಯಾರನ್ನೂ ಸಾಗಹಾಕಿರಲಿಲ್ಲ.

ಬುಧವಾರ ಸಂಜೆ ಯಮುನಾ ಮೆಟ್ಟಿಲು ಇಳಿದು ಬಂದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಫೋನು ನನ್ನ ಮುಂದೆ ಹಿಡಿದಳು. ಅದರಲ್ಲಿ ನಾನು, ಸೆರಗು ಸರಿಮಾಡಿಕೊಂಡು, ಗೆದ್ದವಳ ಹಾಗೆ ನಗುತ್ತಿದ್ದೇನೆ.

"ಇದು ಹೆಂಗೇ ನಿನ್ನ ಫೋನಿಗೆ ಬಂತು?" ಎಂದೆ.

"ಕಂಪನಿಯವರು ಕಳಿಸಿದಾರೆ. ಓದ್ಲಾ? ಸದರಿ ವಿಳಾಸದಲ್ಲಿ ಮೂರನೇ ಮಹಡಿ ಇರುವುದಿಲ್ಲ. ಅಭ್ಯರ್ಥಿಯನ್ನು ಅಂಗಡಿಯವರು ಎಂದೂ ಕಂಡಿರುವುದಿಲ್ಲ. ಸ್ಥಳೀಯ ವೃದ್ಧೆಯೊಬ್ಬರು ಇದನ್ನು ಸಹಿ ಮಾಡಿ ದೃಢಪಡಿಸಿರುತ್ತಾರೆ. ಅಭ್ಯರ್ಥಿಯ ಚಿತ್ರವು ಫ್ರೇಮಿನ ಜೊತೆ ಬಂದದ್ದು ಎಂದು ತಿಳಿಸಿರುತ್ತಾರೆ." ಓದುತ್ತ ಓದುತ್ತ ಅವಳ ದನಿ ಒಡೆಯಿತು. "ಫ್ರೇಮಿನ ಜೊತೆ ಬಂದೋಳಾ ನಾನು, ಅಜ್ಜಿ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಅವನು ಪಾಲಿಕೆಯವನಲ್ವೇನೇ?"

"ಅಲ್ಲ! ವೆರಿಫಿಕೇಶನ್ನೋನು! ನಾನು ಹೇಳಿರ್ಲಿಲ್ವಾ?"

"ಮನುಷ್ಯ ಬರ್ತಾನೆ ಅಂತ ಹೇಳ್ಲಿಲ್ವಲ್ಲೇ! ಕೊರಳಿಗೆ ಪಟ್ಟಿ ಹಾಕ್ಕೊಂಡು ಮೇಲೆ ನೋಡಿದ್ರೆ ನಾನೇನಂದ್ಕೊಳ್ಳಲಿ?"

"ಸುಳ್ಳು ವಿಳಾಸ ಕೊಟ್ಟಿದೀಯ ಅಂತ ಕೆಲಸ ಕಿತ್ಕೊಳ್ತಾರೆ ಅಜ್ಜಿ. ಆಡಿಟ್ ಕಂಪನಿ ಅದು. ಒಂದು ಅಕ್ಷರ ಸುಳ್ಳಿದ್ರೂ ಬಿಡಲ್ಲ." ಹಾಗೇ ನೆಲಕ್ಕೆ ಕೂತು, ಇಸುಕಿಟ್ಟ ಅವರೆಕಾಳಿನ ಬುಟ್ಟಿಗೆ ಮುಖವಿಟ್ಟು ಅತ್ತಳು. ಆ ರಾತ್ರಿ ಊಟಕ್ಕೂ ಏಳಲಿಲ್ಲ.

ಮಾರನೇ ದಿನ ಕಂಪನಿಗೆ ಫೋನು ಹಚ್ಚಿ ಗೋಗರೆದಳು. ಕೊನೆಗೆ ಒಬ್ಬ ಹೆಂಗಸಿನ ಮನಸ್ಸು ಕರಗಿತು. ಶುಕ್ರವಾರ ಹತ್ತರಿಂದ ಹನ್ನೆರಡರೊಳಗೆ ಬೇರೆ ಒಬ್ಬರನ್ನು ಕಳಿಸುತ್ತಾರಂತೆ. ಅವರು ಮೂರನೇ ಮಹಡಿ ಕಣ್ಣಾರೆ ನೋಡಿ, ಮನೆಯ ಯಜಮಾನರ ಸಹಿ ಪಡೆಯಬೇಕಂತೆ. ಅದೂ ತಪ್ಪಿದರೆ ಕೆಲಸ ಬೇರೆಯವರಿಗೆ.

ಗುರುವಾರ ಮಧ್ಯಾಹ್ನ ಶ್ಯಾಮಣ್ಣನ ಅಂಗಡಿ ಮುಂದೆ ಓಣಿಯವರನ್ನೆಲ್ಲ ಸೇರಿಸಿದೆ. "ನಾಳೆ ಬರೋನಿಗೆ ಎಲ್ಲರೂ ನಿಜ ಹೇಳ್ಬೇಕು" ಎಂದೆ.

ಗರಬಡಿದವರ ಹಾಗೆ ನಿಂತರು. ಶ್ಯಾಮಣ್ಣ ತಲೆ ಕೆರೆದುಕೊಂಡು, "ಎಷ್ಟು ನಿಜ ಹೇಳ್ಬೇಕು ಅಶ್ವತ್ಥಮ್ಮೋರೇ? ಪೂರ್ತೀನಾ?" ಎಂದ.

"ಪೂರ್ತಿ! ಕೇಳಿದ್ದಕ್ಕೂ ಹೇಳಿ, ಕೇಳದೇ ಇದ್ದದ್ದಕ್ಕೂ ಹೇಳಿ."

"ಅಭ್ಯಾಸ ತಪ್ಪೋಗದೆ ಕಣಕ್ಕ" ಎಂದಳು ಮಾರಕ್ಕ. "ಇಂಗೆ ಒಂದ್ಸಲ ಯೋಳಿ ನೋಡ್ಲಾ? ಊಂ ಸಾರ್, ಮೂರನೇ ಮಾಡಿ ಐತೆ ಸಾರ್..." ಹೇಳುವಾಗ ಅವಳ ಕಣ್ಣು ತಾನಾಗಿ ಅತ್ತ ಇತ್ತ ಓಡುತ್ತಿತ್ತು. ನಾಲ್ಕು ಸಲ ಹೇಳಿಸಿದ ಮೇಲೆ ಸ್ವಲ್ಪ ನಂಬುವಂತೆ ಬಂತು.

ಶುಕ್ರವಾರ ಬೆಳಿಗ್ಗೆ ಎದ್ದು ಅಮ್ಮನವರ ಪಟ ಕೀಳಿಸಿದೆ. ಕೆಳಗಿನಿಂದ ಮೂರನೇ ಮಹಡಿಯವರೆಗೆ ಮೆಟ್ಟಿಲು ಮೆಟ್ಟಿಲಿಗೂ ರಂಗೋಲಿ ಎಳೆದೆ. ಯಮುನಾ ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಆಧಾರ್ ಕಾರ್ಡು ಹಿಡಿದು, ತನ್ನ ಕೋಣೆಯಲ್ಲಿ ಹೆಣ್ಣು ತೋರಿಸಲು ಕೂರಿಸಿದವಳ ಹಾಗೆ ಕೂತಳು. ನಾನು ಒಬ್ಬಟ್ಟು ಬೇಯಿಸಿಟ್ಟೆ.

ಹತ್ತೂಕಾಲಿಗೆ ಬಂದರು. ಐವತ್ತು ದಾಟಿದ ಮನುಷ್ಯ, ಕೊರಳಿಗೆ ಪಟ್ಟಿ, ಕಂಕುಳಲ್ಲಿ ಕಡತ. "ನಮಸ್ಕಾರ. ಅಶ್ವತ್ಥಮ್ಮ ಅಂದ್ರೆ ನೀವೇನಾ ಅಮ್ಮ? ಶಿವಶಂಕರ್ ಅಂತ. ಸ್ವಲ್ಪ ಮನೆ ನೋಡ್ಬೇಕಿತ್ತು."

"ಬನ್ನಿ ಸಾರ್ ಬನ್ನಿ, ನಿಮ್ಮ ದಾರೀನೇ ಕಾಯ್ತಿದ್ವಿ!" ಎಂದೆ.

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಕಡತ ತೆರೆದು, "ನಮ್ಮಲ್ಲಿ ಬರೆದಿರೋ ಪ್ರಕಾರ ನಿಮಗೆ ನೆಲ, ಒಂದು, ಎರಡು. ಮೂರನೇದು ಇಲ್ಲ, ಅಲ್ವಾ?" ಎಂದರು.

"ಸುಳ್ಳು ಸಾರ್!" ನಾನು ಎದೆ ಬಡಿದುಕೊಂಡೆ. "ನಾನೇ ಹೇಳಿದ್ದು, ಪೂರ್ತಿ ಸುಳ್ಳು. ಮೂರನೇದು ಇದೆ. ನಾಲ್ಕು ಕೋಣೆ, ಎರಡು ಬಚ್ಚಲು. ದಮ್ಮಯ್ಯ, ಅದನ್ನ ಹೊಡೆದುಹಾಕಿ ಇದನ್ನ ಬರ್ಕೊಳ್ಳಿ."

ಅವರ ಪೆನ್ನು ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ಶ್ಯಾಮಣ್ಣ ಅಂಗಡಿ ಬಿಟ್ಟು ಓಡಿ ಬಂದ. "ಇದೆ ಸಾರ್! ನಾನೇ ಸಾಕ್ಷಿ. ಮೇಲಿನ ಮಹಡಿಯ ಕಂಬಿ ಎಲ್ಲ ನನ್ನ ಅಂಗಡಿ ಮುಂದೇನೇ ಇಳಿಸಿದ್ದು."

ಮಾರಕ್ಕ ಹಿಂದೆ ಬೀಳುತ್ತಾಳೆಯೇ? "ಅದ್ನಾಕು ವರ್ಸದಿಂದ ಐತೆ ಸಾರ್. ನಾವೇ ಎಲ್ರೂ ಸೇರ್ಕೊಂಡು ಬಚ್ಚಿಟ್ಟಿದ್ವಿ. ನಿಮ್ಮಂಗೆ ಯಾರಾನ ಬಂದ್ರೆ ಎಮ್ಮೆ ಓಯ್ತು ಅಂತ ಕೂಗ್ತೀನಿ. ಕೂಗಿ ತೋರಿಸ್ಲಾ?"

"ಬೇಡಮ್ಮ, ನಂಬ್ತೀನಿ" ಎಂದ ಶಿವಶಂಕರ್ ಅವರು ನನ್ನ ಕಡೆ ತಿರುಗಿದರು. "ಅಮ್ಮ, ಮೂವತ್ತು ವರ್ಷದ ಸರ್ವೀಸಲ್ಲಿ ನಾನು ಕೇಳಿ ಮುಗಿಸೋಕೆ ಮೊದಲೇ ಒಪ್ಕೊಂಡೋರು ನೀವೊಬ್ಬರೇ."

ನನಗೆ ಹೆಮ್ಮೆಯಾಯಿತು. ಮೆಟ್ಟಿಲು ಹತ್ತಿಸಿದೆ. ಪಟ ಕಿತ್ತ ಜಾಗದಲ್ಲಿ ಬಾಗಿಲಿನ ಬಣ್ಣ ಹೊಸದಾಗಿ ಕಾಣುತ್ತಿತ್ತು. "ಇಲ್ಲೇ ಸಾರ್ ದೇವರಿಟ್ಟು ಎಲ್ಲರನ್ನೂ ವಾಪಸ್ ಕಳಿಸ್ತಿದ್ದದ್ದು" ಎಂದು ಅದನ್ನೂ ತೋರಿಸಿದೆ. ಮೂರನೇ ಮಹಡಿಯಲ್ಲಿ ಕೋಣೆ ಕೋಣೆ ತೆರೆದೆ, ಬಚ್ಚಲಿನ ನಲ್ಲಿ ತಿರುಗಿಸಿ ನೀರು ಬರುವುದನ್ನು ತೋರಿಸಿದೆ. ಅವರು ನಲ್ಲಿಯನ್ನೂ ನನ್ನನ್ನೂ ಒಂದೇ ಅಚ್ಚರಿಯಿಂದ ನೋಡುತ್ತಿದ್ದರು. ಯಮುನಾ ಎದ್ದು ನಿಂತು, "ಗುಡ್ ಮಾರ್ನಿಂಗ್ ಸರ್" ಎಂದು ಆಧಾರ್ ಕಾರ್ಡು ಕೊಟ್ಟಳು.

"ಇದು ನನಗ್ಯಾಕಮ್ಮ?" ಎಂದರು ಅವರು.

ಆಗ ಕೆಳಗಿನಿಂದ ಒಂದು ದನಿ ಕೇಳಿಸಿತು. "ಯಾರಿದೀರ? ನರೇಶ್ ಅಂತ, ಯಮುನಾ ಅವರ ವೆರಿಫಿಕೇಶನ್‌ಗೆ ಬಂದಿದೀನಿ!"

ಯಮುನಾ ನನ್ನನ್ನು ನೋಡಿದಳು. ನಾನು ಶಿವಶಂಕರ್ ಅವರನ್ನು ನೋಡಿದೆ. ಅವರ ಕೊರಳಿನ ಪಟ್ಟಿಯನ್ನು ಆಗ ಸರಿಯಾಗಿ ಓದಿದೆ. ಕನ್ನಡದಲ್ಲೇ ಇತ್ತು, ನಾಲ್ಕನೇ ಕ್ಲಾಸಿನವಳೂ ಓದಬಹುದಾದಷ್ಟು ದಪ್ಪಗೆ ಇತ್ತು. ಪಾಲಿಕೆ.

ಆಚೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತೆ. ಕೆಳಗೆ ಮಾರಕ್ಕನಿಗೂ ಆಗಲೇ ಅರ್ಥವಾಗಿರಬೇಕು. ಓಣಿಯಿಂದ ಹೃದಯ ಕಿತ್ತುಬರುವ ಹಾಗೆ ಕೂಗಿದಳು: "ಅಶ್ವತ್ಥಕ್ಕೋ, ಎಮ್ಮೆ ಓಯ್ತು!" ಹೋಗಿ ಆಗಿತ್ತು.

ನರೇಶ್ ಎನ್ನುವ ಹುಡುಗ ಏದುಸಿರು ಬಿಡುತ್ತ ಮೇಲೆ ಬಂದ. ಆಧಾರ್ ನೋಡಿದ, ಕೋಣೆಯ ಫೋಟೋ ತೆಗೆದ. ಫೋನು ನನ್ನ ಮುಂದೆ ಹಿಡಿದು, "ಈ ಮನೆಗೆ ಮೂರನೇ ಮಹಡಿ ಇದೆ, ಅಲ್ಲಿ ಯಮುನಾ ವಾಸ ಇದಾರೆ. ಇದಕ್ಕೆ ನೀವು ಸಹಿ ಹಾಕ್ಬೇಕು ಅಜ್ಜಿ. ಹಿಂದಿನ ಸಲ ನೀವೇ ಇಲ್ಲ ಅಂದಿದೀರಂತಲ್ಲ?" ಎಂದ.

ಶಿವಶಂಕರ್ ಅವರು ಕಡತ ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಹೇಳಿದರು. "ನಾನು ಕೋಣೆ ನೋಡಿದೀನಿ, ಅಷ್ಟನ್ನ ಬರೀತೀನಿ. ಇಲ್ಲಿ ಜನ ವಾಸ ಇದಾರೋ ಇಲ್ವೋ, ಅದನ್ನ ಮಾತ್ರ ಯಜಮಾನರೇ ಹೇಳ್ಬೇಕು. ಯೋಚನೆ ಮಾಡಿ ಹೇಳಿ ಅಮ್ಮ."

ಯೋಚನೆ ಮಾಡುವುದೇನು! ಬರೀ ಸಾಮಾನು ಹಾಕುವ ಜಾಗ ಎಂದರೆ ಇನ್ನೂ ಜಾರಿಕೊಳ್ಳಬಹುದಿತ್ತು. ಮಾತು ನಾಲಿಗೆಯ ತುದಿಗೆ ತಾನಾಗೇ ಬಂದು ನಿಂತಿತ್ತು, ಹದಿನಾಲ್ಕು ವರ್ಷ ಪಳಗಿದ ನಾಲಿಗೆಯಲ್ಲವೇ? ಯಮುನಾ ಆಧಾರ್ ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು, ಗೋಡೆಗೆ ಒರಗಿ ನಿಂತಿದ್ದಳು, ಥೇಟ್ ಫ್ರೇಮಿನ ಜೊತೆ ಬಂದವಳ ಹಾಗೆ.

"ವಾಸ ಇದಾಳೆ. ನನ್ನ ಮೊಮ್ಮಗಳು" ಎಂದೆ. ಫೋನಿನ ಮೇಲೆ ಬೆರಳಲ್ಲಿ ಸಹಿ ಹಾಕಿದೆ. ಕಡತದಲ್ಲಿ ಪೆನ್ನಿನಲ್ಲಿ ಸಹಿ ಹಾಕಿದೆ. ಇಬ್ಬರಿಗೂ ಒಬ್ಬಟ್ಟು ಬಡಿಸಿದೆ. ನರೇಶ್ ನಾಲ್ಕು ತಿಂದ. ಶಿವಶಂಕರ್ ಅವರು ಡ್ಯೂಟಿಯಲ್ಲಿ ತಿನ್ನುವುದಿಲ್ಲ ಎಂದು ನೀರು ಮಾತ್ರ ಕುಡಿದರು. ಅದೂ ಮೂರನೇ ಮಹಡಿಯ ನೀರು!

ಯಮುನಾ ಕೆಲಸಕ್ಕೆ ಸೇರಿದಳು. ಅವಳು ಸೇರಿದ ವಾರವೇ ನನಗೆ ನೋಟೀಸು ಬಂತು. ಮೂರನೇ ಮಹಡಿ ಏಕೆ ಇದೆ ಎಂದು ಹದಿನೈದು ದಿನದಲ್ಲಿ ವಿವರಣೆ ಕೊಡಬೇಕಂತೆ. (ಇಲ್ಲ ಎನ್ನುವುದಕ್ಕೆ ನನ್ನಲ್ಲಿ ಹತ್ತು ವಿವರಣೆ ಇದ್ದವು. ಇದೆ ಎನ್ನುವುದಕ್ಕೆ ಒಂದೂ ಇರಲಿಲ್ಲ.) ಸಂಜೆ ಹುಡುಗಿ ಬಂದಾಗ ನೋಟೀಸು ಕೈಗಿಟ್ಟೆ. "ದೊಡ್ಡ ಕಂಪನಿಯೋಳು, ನೀನೇ ಒಂದು ಉತ್ತರ ಬರ್ಕೊಡು."

ಓದಿದಳು. ಮುಖ ಒಂಥರಾ ಆಯಿತು. ಹತ್ತಿರ ಬಂದು ಕೂತು ನನ್ನ ಸೆರಗಿನ ತುದಿ ಹಿಡಿದಳು. ಚಿಕ್ಕಂದಿನಲ್ಲಿ ತಪ್ಪು ಮಾಡಿದಾಗ ಹಿಡಿಯುತ್ತಿದ್ದ ಹಾಗೆ.

"ಅಜ್ಜಿ, ಬೈಬಾರ್ದು. ಆ ಮೇಡಂ ಕೇಳಿದ್ರು ಅಂದೆನಲ್ಲ, ನಿಮ್ಮವರೇ ತಪ್ಪು ಮಾಡ್ತಿದ್ರೆ ಏನು ಮಾಡ್ದೆ ಅಂತ?"

"ಊಂ."

"ನಮ್ಮಜ್ಜಿ ಒಂದು ಮಹಡಿ ಹೆಚ್ಚಿಗೆ ಕಟ್ಟಿ ಬಚ್ಚಿಟ್ಟಿದ್ರು ಅಂದೆ."

"ಹಾಗಂತ ಅಂದ್ಯಾ? ಅಷ್ಟು ದೊಡ್ಡೋರ ಮುಂದೆ?"

"ನಾನು ಕೂತು ತಿಳಿಹೇಳ್ದೆ, ಅಜ್ಜಿ ಅವರೇ ಮನಸಾರೆ ಪಾಲಿಕೆಯವರನ್ನ ಕರೆದು, ಒಂದೊಂದು ಕೋಣೇನೂ ತೋರಿಸಿ, ಸಹಿ ಹಾಕಿ ಒಪ್ಕೊಂಡ್ರು ಅಂದೆ. ಮೇಡಂ ಕಣ್ಣಲ್ಲಿ ನೀರು ಬಂತಜ್ಜಿ. ಅದಕ್ಕೇ ಕೆಲಸ ಕೊಟ್ಟಿದ್ದು."

"ಯಾವತ್ತೇ ತಿಳಿಹೇಳಿದ್ದೆ ನೀನು ನನಗೆ?"

"ಹೇಳಿರ್ಲಿಲ್ಲ. ಸುಳ್ಳೇ ಹೇಳಿದ್ದೆ. ಆವತ್ತಿಂದ ಎದೇಲಿ ಕಲ್ಲಿಟ್ಟಂಗಿತ್ತು." ಕಣ್ಣೊರೆಸಿಕೊಂಡು ನಕ್ಕಳು. "ಈಗ ಎಲ್ಲ ನಿಜ ಮಾಡ್ಬಿಟ್ಯಲ್ಲಜ್ಜಿ!"

ಹದಿನಾಲ್ಕು ವರ್ಷ ಶ್ರದ್ಧೆಯಿಂದ ಸುಳ್ಳು ಹೇಳಿದವಳಿಗೆ ನೋಟೀಸು. ಒಂದೇ ಒಂದು ಸಲ ಹೇಳಿದವಳಿಗೆ ನೌಕರಿ. ಹೊಡೆಯೋಣವೆಂದು ಕೈ ಎತ್ತಿದೆ. ಅದು ಹೋಗಿ ಅವಳ ತಲೆ ಸವರಿ ಬಂತು. ಈ ವಯಸ್ಸಿಗೆ ಕೈಯೂ ಹೇಳಿದ ಮಾತು ಕೇಳುವುದಿಲ್ಲ.

ಹೊರಗೆ ಬಂದು ಜಗುಲಿಯ ಮೇಲೆ ಕೂತೆ. ಎದುರಿಗೆ ಮಾರಕ್ಕ ಹೂ ಕಟ್ಟುತ್ತಿದ್ದಳು. ದಾರ ಕಡಿದು ಕೇಳಿದಳು.

"ಅಲ್ಲ ಕಣಕ್ಕ, ಇನ್ಮೇಲೆ ಅವರು ಬಂದ್ರೆ ನಾನೇನಂತ ಕೂಗ್ಲಿ?"

"ಕೂಗ್ಬೇಡ" ಎಂದೆ. "ಎಮ್ಮೆ ಮಾರಿಬಿಟ್ಟೆ."